ನಾಯಿ ನೋಡಲು ಬಂದವರು

ಒಂದು ಬಡಪಾಯಿ ನಾಯಿಗೆ ಮನೆ ಹುಡುಕುವುದು ಸುಲಭ ಎಂದು ಯಾರಾದರೂ ಹೇಳಿದರೆ, ಅವರನ್ನು ಹೊನ್ನಾವರಕ್ಕೆ, ನನ್ನ ಹೊಲಿಗೆ ಜಗುಲಿಗೆ ಕಳಿಸಿ. ಕೂರಿಸಿ, ಚಾ ಕೊಟ್ಟು, ಬೈದು ಕಳಿಸುತ್ತೇನೆ. "ಸಾಕುವವರಿದ್ದರೆ ತಿಳಿಸಿ" ಎಂದು ಮೊಬೈಲಿನ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದ್ದೇ ನನ್ನ ತಪ್ಪು. ಆಮೇಲೆ ಬಂದ ಜನರನ್ನು ನೋಡಿ ನಾಯಿಗಳ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ನಾಯಿ ಸಿಕ್ಕಿದ್ದು ಹೆದ್ದಾರಿ ಬದಿಯಲ್ಲಿ. ರಸ್ತೆ ಕೆಲಸಕ್ಕೆ ತಂದು ಹಾಕಿದ್ದ ಸಿಮೆಂಟ್ ಪೈಪಿನೊಳಗೆ, ಜೋರು ಮಳೆಯಲ್ಲಿ ಮುದುಡಿ ಕೂತಿತ್ತು. ಬೆಳೆದ ನಾಯಿಯೇ, ಆದರೆ ಗಾತ್ರ ಸುಲಿಯದ ತೆಂಗಿನಕಾಯಿಗಿಂತ ತುಸು ದೊಡ್ಡದು. ಕಣ್ಣುಗಳು ಕೋಟಿಗೆ ಹಚ್ಚುವ ಕರಿ ಗುಂಡಿಗಳ ಹಾಗಿದ್ದವು, ಗುಂಡಿ ಎಂದೇ ಕರೆದೆ. ಯಾರ ಧ್ವನಿ ಕೇಳಿದರೂ ಹೊಲಿಗೆ ಮಷಿನ್ನಿನ ಕೆಳಗೆ ಹೊಕ್ಕುಬಿಡುತ್ತಿತ್ತು. ಅದು ಬೊಗಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ನಾನೇ ಇಟ್ಟುಕೊಳ್ಳುತ್ತಿದ್ದೆ. ಆದರೆ ಮನೆ ಬಾಡಿಗೆಯದು. ಮುಂದಿನ ಭಾಗದಲ್ಲೇ ಇರುವ ಮಾಲಕರು ನಿವೃತ್ತ ಬಸ್ ಕಂಡಕ್ಟರು, ಜೀವಮಾನವಿಡೀ ತುಂಬಿದ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು. "ತಂಗೀ, ಚೌತಿಯೊಳಗೆ ಈ ಕುನ್ನಿ ಹೋಗ್ಬೇಕು. ಇಲ್ದಿದ್ರೆ ನೀನೂ ಅದೂ ಒಟ್ಟಿಗೇ ಹೋಗಿ" ಎಂದುಬಿಟ್ಟರು. ಚೌತಿಗೆ ಮುಂಚೆ ಹೊಲಿಗೆಯವಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದರ ಮಧ್ಯೆ ಈ ವರಾನ್ವೇಷಣೆ.

ಅವಲಕ್ಕಿ ತಿಂದವರು

ಮೊದಲು ಬಂದದ್ದು ಕುಮಟಾದ ಒಂದು ಕುಟುಂಬ. ಒಂದು ನಾಯಿ ನೋಡಲು ಕಾರು ತುಂಬ ಜನ. ಮನೆಗೆ ಬಂದವರಿಗೆ ಬರೀ ಚಾ ಕೊಡುವುದು ಹೇಗೆ ಎಂದು ಅವಲಕ್ಕಿ ಕಲಸಿ ಕೊಟ್ಟೆ. ತಟ್ಟೆ ಕೈಗೆ ಬಂದದ್ದೇ ತಡ, ಅವರ ಪೈಕಿ ಹಿರಿಯ ಹೆಂಗಸು, "ಈಗ ಕರೀರಿ ಹೊರಗೆ" ಅಂದರು.

ಗುಂಡಿ ಬರಲಿಲ್ಲ. ಮಷಿನ್ನಿನ ಅಡಿಯಿಂದ ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ಸ್ವಲ್ಪ ನಡೆಸಿ ತೋರ್ಸಿ. ಕಾಲು ಸಮ ಇದ್ಯಾ ನೋಡ್ಬೇಕಲ್ಲ."

"ಅದಕ್ಕೆ ನಾಚಿಕೆ ಜಾಸ್ತಿ" ಅಂದೆ.

"ಬಣ್ಣವೂ ಒಂಚೂರು ಕಮ್ಮಿಯೇ. ಫೋಟೋದಲ್ಲಿ ಬೆಳ್ಳಗೆ ಕಂಡಿತ್ತು."

ನನ್ನನ್ನೇ ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ! ಎರಡನೇ ಸಲ ಅವಲಕ್ಕಿ ಬಡಿಸಿಕೊಂಡು, "ಮನೆಗೆ ಹೋಗಿ ತಿಳಿಸ್ತೇವೆ" ಎಂದು ಎದ್ದರು. ಕೆಲವು ದಿನ ಬಿಟ್ಟು ನಿಜಕ್ಕೂ ಫೋನು ಬಂತು. "ನಾಯಿ ನಮಗೆ ಬ್ಯಾಡ. ಆ ಅವಲಕ್ಕಿಗೆ ಎಂತ ಹಾಕಿದ್ರಿ, ಅದನ್ನ ಹೇಳಿ."

ಮಂಗ ಓಡಿಸಲು

ಹಳದೀಪುರದ ತೆಂಗಿನ ತೋಟದವರೊಬ್ಬರು ಬಂದರು. ಅವರು ಬಣ್ಣ ಕೇಳಲಿಲ್ಲ, ನಡೆಸಿ ನೋಡಲಿಲ್ಲ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ. "ತೋಟಕ್ಕೆ ಮಂಗನ ಕಾಟ, ಒಂದು ನಾಯಿ ಬೇಕಾಗಿತ್ತು" ಅಂದರು. ಇದು ಮಂಗನಿಗಿಂತ ಸಣ್ಣದು ಎಂದು ಹೇಳಿದೆ. "ಸಣ್ಣದಾದ್ರೆ ಎಂತ, ಮಂಗನಿಗೆ ಗೊತ್ತಾಗ್ತದ್ಯಾ?" ಎಂದು ಬುಟ್ಟಿಯಲ್ಲಿಟ್ಟು ಬೈಕಿನಲ್ಲಿ ಒಯ್ದರು.

ಮರುದಿನ ಅದೇ ಬುಟ್ಟಿ ನನ್ನ ಜಗುಲಿಯ ಮೇಲಿತ್ತು.

"ಅಕ್ಕಾ, ಮಂಗ ಬಂದ ಕೂಡ್ಲೆ ನಿಮ್ಮ ಕುನ್ನಿ ಒಳಗೋಡಿ ಅಕ್ಕಿ ಡಬ್ಬಿ ಹಿಂದೆ ಕೂತ್ಕಂತು. ಮಂಗ ಅಂಗಳಕ್ಕಿಳಿದು ಇದರ ಅನ್ನವನ್ನೂ ತಿಂದ್ಕಂಡು ಹೋತು."

"ಅದು ಅನ್ನ ತಿನ್ನುವಷ್ಟು ಹೊತ್ತು ನೀವು ಎಂತ ಮಾಡ್ತಿದ್ರಿ? ಒಂದು ಕೋಲು ತಗೊಂಡು ಓಡಿಸ್ಲಿಕ್ಕೆ ಆಗ್ಲಿಲ್ವಾ?" ಎಂದು ಜಗಳಕ್ಕೇ ನಿಂತೆ.

ಅವರಿಗೆ ನನಗಿಂತ ಸಿಟ್ಟು ಬಂತು. "ನಾನೂ ಅಕ್ಕಿ ಡಬ್ಬಿ ಹಿಂದೇನೇ ಇದ್ದಿದ್ದು! ಮಂಗ ಅಂದ್ರೆ ನಂಗೆ ಹೆದ್ರಿಕೆ. ಅದ್ಕೇ ಅಲ್ವಾ ನಾಯಿ ಬೇಕು ಅಂದದ್ದು?"

ಮೀನಿನ ವಿಚಾರ

ಒಬ್ಬ ಗೃಹಿಣಿ ಫೋನಿನಲ್ಲೇ ವಿಚಾರಿಸಿದರು. ಮಾತು ಮೃದು, ಆಸೆಯೂ ಇತ್ತು.

"ನಿಮ್ಮ ನಾಯಿ ಮೀನು ತಿಂತಾ? ಎಂಗಳ ಮನೆಲಿ ಮೀನು ಗೀನು ಇಲ್ಲೆ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬಂಗಡೆಯ ತಲೆ ಕಂಡರೆ ಮಾತ್ರ ಅದರ ನಾಚಿಕೆ ಬಿಟ್ಟುಹೋಗುತ್ತದೆ ಎಂದೆ. ಆ ಕಡೆ ನಿಟ್ಟುಸಿರು. ನಾನು ಬಿಡಲಿಲ್ಲ. "ಮನೆಯಲ್ಲಿ ಬೆಕ್ಕಿದೆಯಾ?"

"ಇದ್ದು."

"ಅದಕ್ಕೆ ಎಂತ ಹಾಕ್ತೀರಿ?"

"ಹಾಲು ಅನ್ನ. ಮೀನು ಬೇಕಾದ್ರೆ ಪಕ್ಕದ ಮನೆಗೆ ಹೋಗಿ ತಿಂದ್ಕಂಡು ಬತ್ತು."

"ಹಾಗಾದರೆ ನಾಯಿಗೂ ಅದೇ ದಾರಿ ತೋರಿಸಿ!"

"ಛೆ, ಆಗ್ತಿಲ್ಲೆ. ಬೆಕ್ಕು ತಿಂದು ಬಾಯಿ ಒರೆಸ್ಕಂಡು ಸುಮ್ಮನೆ ಬತ್ತು. ನಾಯಿ ಬೊಗಳಿ ಊರಿಗೆಲ್ಲ ಹೇಳ್ತು!"

ಕೊಡೆ ತಂದವರು

ಚೌತಿ ಹತ್ತಿರ ಬಂತು. ಭಟ್ಕಳದಿಂದ ಗಂಡ ಹೆಂಡತಿ ಬರುತ್ತೇವೆಂದರು. ನನಗೆ ಇವರೇ ಕೊನೆಯ ಆಸೆ. ಮಾಲಕರು ಕುರ್ಚಿ ತಂದು ಜಗುಲಿಯಲ್ಲೇ ಕೂತರು. "ಇವತ್ತು ಅದು ಗೇಟು ದಾಟೂದನ್ನ ನೋಡಿಯೇ ಏಳೂದು" ಅಂದರು.

ಬಂದ ಹೆಂಡತಿ ಬಗ್ಗಿ ನೋಡಿ, "ಇದಾ? ಹೆಣ್ಣು ಬೇರೆ" ಅಂದಳು. ಗಂಡ, "ಬಾಲ ಡೊಂಕು" ಅಂದ. ನಾಯಿಯ ಬಾಲ ನೆಟ್ಟಗಿರಬೇಕಂತೆ! ಹೇಗಾದರೂ ಅದಕ್ಕೊಂದು ಮನೆ ಆಗಲಿ ಎಂದು ನಾನು ಚಾ ಲೋಟ ಮುಂದೆ ಸರಿಸಿದೆ. "ಇಷ್ಟು ಪುಕ್ಕಲು ನಾಯಿಯನ್ನ ಯಾರು ಸಾಕ್ತಾರೆ?" ಎನ್ನುತ್ತ ಅವನು ಕೈಯಲ್ಲಿದ್ದ ಕೊಡೆಯನ್ನು ಮಷಿನ್ನಿನ ಅಡಿಗೆ ತೂರಿಸಿ ತಿವಿದ. ಗುಂಡಿ ಕುಂಯ್ ಅಂದಿತು.

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿ ಹಿಂದಕ್ಕೆ ಬಿತ್ತು.

"ಹೋಯ್! ಕೊಡೆ ತೆಗೀರಿ!" ಮಾಲಕರು ಎದ್ದು ನಿಂತಿದ್ದರು. "ನಮ್ಮನೆ ಕುನ್ನೀಲಿ ಕುಂದು ಹುಡ್ಕೂಕೆ ನೀವ್ಯಾರು? ಬಾಲ ಡೊಂಕಿದ್ರೆ ನಿಮಗೆಂತ, ಅದರ ಮೇಲೆ ಬಟ್ಟೆ ಒಣಗ್ಸ್ತೀರಾ? ಹೆಣ್ಣಾದ್ರೆ ಎಂತ ಆತು? ಕೊಡೂದಿಲ್ಲ! ಇಳೀರಿ, ಇಳೀರಿ, ಬೇಗ ಬೇಗ ಇಳೀರಿ!"

ಆ ಗಂಟಲಿಗೆ ಗಂಡ ಹೆಂಡತಿ ಮೆಟ್ಟಿಲಿಳಿದದ್ದೇ ತಿಳಿಯಲಿಲ್ಲ. ಕಾರಿನ ಬಾಗಿಲು ಮುಚ್ಚಿದ ಕೂಡಲೇ ಮಾಲಕರು ಅಭ್ಯಾಸಬಲದಿಂದ ಗೇಟಿಗೆ ಎರಡು ಬಡಿದು, "ರೈಟ್!" ಅಂದರು. ಮಷಿನ್ನಿನ ಅಡಿಯಿಂದ, ಬಿಕ್ಕಳಿಕೆಯಷ್ಟು ಸಣ್ಣದಾಗಿ, ಗುಂಡಿ ಮೊದಲ ಸಲ ಬೊಗಳಿತು.

ನಾನು ಮಾಲಕರ ಎದುರು ಹೋಗಿ ನಿಂತೆ. "ಮಾಮಾ, ಹೋಗ್ಬೇಕು ಅಂದವ್ರು ನೀವು. ಒಯ್ಯಲು ಬಂದವ್ರನ್ನ ಓಡಿಸಿದವ್ರೂ ನೀವು. ಈಗ ಇದನ್ನ ಯಾರ ಮನೆಯಲ್ಲಿ ಬಿಡ್ಲಿ?"

ಅವರು ಬಿದ್ದ ಕುರ್ಚಿಯನ್ನು ಎತ್ತಿಟ್ಟು, ನನ್ನ ಮುಖ ನೋಡದೆ, "ನಮ್ಮ ಮನೆ ಬದಿಯೇ ಇರ್ಲಿ ಬಿಡು. ಬಂಗಡೆ ತಿಂತದಲ್ಲ?" ಅಂದರು.

ನನಗೆ ತಡೆಯಲಾಗಲಿಲ್ಲ. "ಈ ಮಾತು ಮೊದಲೇ ಹೇಳಿದ್ದರೆ ನನ್ನ ಅವಲಕ್ಕಿಯಾದರೂ ಉಳೀತಿತ್ತಲ್ಲ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ಆ ಕಂಡಕ್ಟರು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು. "ಮೆಲ್ಲಗೆ ಮಾತಾಡು, ತಂಗೀ. ಕುನ್ನಿ ಹೆದರ್ತದೆ."