ಚರಂಡಿ ನೋಡಲು ಬಂದ ದೊಡ್ಡಮಾವ

ಇಲ್ಲಿಗೆ ಬಂದ ನೆಂಟರೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ದೊಡ್ಡಮಾವ ಚರಂಡಿಯ ಮುಂದೆ ತೆಗೆಸಿಕೊಂಡರು. ನಂಬಿಕೆ ಬಾರದಿದ್ದರೆ ಮನೆಗೆ ಬನ್ನಿ, ಆಲ್ಬಮ್ಮು ತೋರಿಸುತ್ತೇನೆ. ಸೇತುವೆಯ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದರ ಮೇಲ್ ಬಿದ್ದ ಮಳೆ ನೀರು ಎಲ್ಲಿಗ್ ಹೋಯ್ತದೆ?”

“ಕೆಳಗೆ ಸಮುದ್ರ ಇದೆಯಲ್ಲ ದೊಡ್ಡಪ್ಪ,” ಎಂದರು ನಮ್ಮವರು.

“ಹಂಗಂತ ಯಾರ್ ಬರ್ಕೊಟ್ಟಿದಾರೆ?”

ನನ್ನ ಗಂಡನ ದೊಡ್ಡಪ್ಪ ಅವರು. ಮಂಡ್ಯದ ಕಡೆಯವರು. ಎಳೆಯ ವಯಸ್ಸಿನಲ್ಲೇ ಮೇಷ್ಟರಾಗಿ ಮಲಯಾಕ್ಕೆ ಹೋಗಿ, ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲೇ ಉಳಿದುಬಿಟ್ಟವರು. ನಿವೃತ್ತರಾದ ಮೇಲೆ ಅಲ್ಲಿನ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಅವರ ಕನ್ನಡ ಅವರು ಹಡಗು ಹತ್ತಿದ ದಿನದ್ದೇ, ಬಾಲಕ್ಕೆ ಮಾತ್ರ ಮಲೇಷ್ಯಾದ ಒಂದು ‘ಲಾ’ ಅಂಟಿಕೊಂಡಿತ್ತು. “ಮುದ್ದೆ ಮಾಡ್ತೀಯಾ ಲಾ?” ಎಂದು ಕೇಳಿದರೆ ಇಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು?

ಚರಂಡಿಯ ಹುಚ್ಚು ಹಿಡಿದದ್ದು ಏಕೆಂದು ಮೊದಲ ದಿನವೇ ವಿವರಿಸಿದರು. “ನಮ್ ಮನೆ ಹಿಂದ್ಗಡೆ ಗುಡ್ಡ ಕಡ್ದು ಕಾಂಡೋ ಅಂತ ದೊಡ್ಡ ಅಪಾರ್ಟ್‌ಮೆಂಟು ಕಟ್ಟಿದ್ರು. ಮೊದಲ್ನೇ ಜೋರು ಮಳೆಗೆ ಚರಂಡಿ ಕಟ್ಕೊಂಡು ಗುಡ್ಡ ನಮ್ ಹಾಲ್‌ಗೆ ಬಂತು. ಬೆಳಗೆದ್ದು ನೋಡಿದ್ರೆ ಸೋಫಾ ಮೇಲೆ ಮೀನು ಕೂತದೆ.”

“ಆಮೇಲೆ ಏನು ಮಾಡಿದಿರಿ ದೊಡ್ಡಮಾವ?”

“ಇನ್ನೇನ್ ಮಾಡ್ಲಿ? ಮೀನು ಕೂತ ಮೇಲೆ ನಾನು ಎದ್ದೆ.”

ಒಂದು ಭಾನುವಾರ ನಮ್ಮವರು ಅವರಿಗೆ ಲಾಸ್ ಆಲ್ಟೋಸಿನ ಶ್ರೀಮಂತರ ಮನೆಗಳನ್ನು ತೋರಿಸಲು ಹೊರಟರು. ಡಾಟ್‌ಕಾಮ್ ಭರಾಟೆಯ ಕಾಲ ಅದು. ನಮ್ಮವರು ಮೆನ್ಲೋ ಪಾರ್ಕಿನ ಆಫೀಸಿನಿಂದ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಭಾನುವಾರ ಇಂಥ ಮನೆಗಳನ್ನು ನೋಡಿ, ನಾಳೆ ನಮ್ಮದೂ ಆದೀತು ಎಂದುಕೊಳ್ಳುವುದೇ ಅವರಿಗೊಂದು ವಿಹಾರ. ದೊಡ್ಡಮಾವ ಮಾತ್ರ ಮನೆಗಳಿಗೆ ಬೆನ್ನು ಹಾಕಿ, ಬಾಟಿಕ್ ಷರಟಿನ ತೋಳು ಮಡಚಿ, ರಸ್ತೆಯಂಚಿನ ಮೋರಿಯೊಳಗೆ ಇಣುಕುತ್ತಿದ್ದರು. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು, ಪಾಪ, ಏನೋ ಕಳೆದುಕೊಂಡಿದ್ದಾರೆಂದು ತಾನೂ ಬಗ್ಗಿ ಹುಡುಕತೊಡಗಿದಳು. ನಾಯಿಯೂ ಹುಡುಕಿತು.

“ನಿಮ್ಮ ಕೌನ್ಸಿಲರ್ ಯಾರು?” ಎಂದು ಇವರು ಇಂಗ್ಲಿಷಿನಲ್ಲಿ ಕೇಳಿದರು.

“ನಮ್ಮ ಪಕ್ಕದ ಮನೆಯವಳೇ. ಮಹಾ ತಲೆನೋವು. ಮುಂದಿನ ಸಲ ನಾನು ಓಟು ಹಾಕೋದಿಲ್ಲ,” ಎಂದಳು ಆಕೆ.

ವಾಪಸು ಬರುವಾಗ ದೊಡ್ಡಮಾವ ಫ್ರೀವೇ ಉದ್ದಕ್ಕೂ ರಸ್ತೆಯಂಚಿನ ಮೋರಿಗಳನ್ನೇ ಎಣಿಸುತ್ತಿದ್ದರು. ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟು ಬಂದಾಗ ಮೆಲ್ಲಗೆ, “ಓಟು ಹಾಕ್ತಾರಂತೆ, ಅಮ್ಮಣ್ಣಿ,” ಎಂದರು. ಮಲೇಷ್ಯಾದಲ್ಲಿ ಊರಿನ ಕೌನ್ಸಿಲರುಗಳನ್ನು ಜನ ಆರಿಸುವುದಿಲ್ಲ, ಸರ್ಕಾರ ನೇಮಿಸುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. “ನಮ್ಮಲ್ಲಿ ಅವ್ರು ಮೇಲಿಂದ ಇಳೀತಾರೆ, ಮಳೆ ಹಂಗೆ. ನಾವು ಕೆಳಗೆ ಬಕೆಟ್ ಹಿಡ್ಕೊಂಡು ನಿಲ್ಲೋದು.”

ಇಲ್ಲಿಯವರೆಗೆ ಎಲ್ಲ ತಮಾಷೆಯಾಗಿಯೇ ಇತ್ತು. ಆ ಬೋರ್ಡು ಅವರ ಕಣ್ಣಿಗೆ ಬೀಳದಿದ್ದರೆ ಹಾಗೇ ಇರುತ್ತಿತ್ತೋ ಏನೋ.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಖಾಲಿ ಜಾಗವೊಂದಿತ್ತು. ಅದರ ನಡುವಿನ ಕಾಲುದಾರಿಯಲ್ಲಿ ಹೋದರೆ ಲೈಬ್ರರಿ, ದಿನಸಿ ಅಂಗಡಿ ಎಲ್ಲ ಸಿಗುತ್ತಿದ್ದವು. ನನಗೆ ಕಾರು ಓಡಿಸಲು ಬಾರದು, ಗಂಡನ ವೀಸಾದ ನೆರಳಿನಲ್ಲಿ ಬಂದ ನಾನು ಕೆಲಸಕ್ಕೂ ಹೋಗುವಂತಿರಲಿಲ್ಲ. ಮಗಳನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ನಾನಾಗಿ ಹೋಗಿಬರಬಹುದಾಗಿದ್ದುದು ಆ ದಾರಿಯೊಂದರಲ್ಲೇ. ಅದು ಬಿಟ್ಟರೆ ಫ್ರೀವೇಗೆ ಹತ್ತುವ ಕಾರುಗಳು ನುಗ್ಗುವ ದೊಡ್ಡ ರಸ್ತೆ. ದಾರಿಯ ಬಾಯಲ್ಲಿದ್ದ ಬೋರ್ಡನ್ನು ನಾನು ದಿನಾ ನೋಡಿದ್ದೆ. ಅದರ ಬುಡದಲ್ಲಿ ಹಳದಿ ಹೂ ಬಿಟ್ಟಿದ್ದು, ಒಂದು ಮೊಳೆ ಸಡಿಲಾಗಿದ್ದು, ಎಲ್ಲ ನೋಡಿದ್ದೆ. ಓದಿರಲಿಲ್ಲ. ದೊಡ್ಡಮಾವ ಓದಿದರು. ಯಾವುದೋ ಹೊಸ ಡಾಟ್‌ಕಾಮ್ ಕಂಪನಿಗೆ ಅಲ್ಲಿ ಕಟ್ಟಡ, ಸುತ್ತ ಬೇಲಿ, ದಾರಿ ಬಂದ್. ಆಕ್ಷೇಪಣೆ ಇದ್ದವರು ಸಿಟಿ ಕೌನ್ಸಿಲಿನ ಸಭೆಗೆ ಬರಬಹುದು.

“ದೊಡ್ಡಪ್ಪ, ನಾವು ವೀಸಾದವರು. ಸುಮ್ಮನೆ ಇರೋದೇ ವಾಸಿ,” ಎಂದರು ನಮ್ಮವರು.

“ಸುಮ್ನೇ ಇರೋಣ,” ಎಂದರು ದೊಡ್ಡಮಾವ. “ಶನಿವಾರ ಒಂಚೂರು ಕಳೆ ಕೀಳೋಣ, ಅಷ್ಟೇ ಲಾ.”

ಅಕ್ಕಪಕ್ಕದವರೆಲ್ಲ ಕೂಡಿ ಬೀದಿ ಚೊಕ್ಕ ಮಾಡುವ ಪದ್ಧತಿ ಮಲೇಷ್ಯಾದಲ್ಲಿದೆಯಂತೆ. ಇವರು ಮನೆಮನೆಯ ಬಾಗಿಲು ತಟ್ಟಿ, ಹಾಸನ, ಧಾರವಾಡ, ತೈವಾನ್ ಎಂದು ಭೇದವೆಣಿಸದೆ ಎಲ್ಲರ ಗಂಡಂದಿರನ್ನೂ ಹೊರಡಿಸಿದರು. ವಾರವಿಡೀ ಕಂಪ್ಯೂಟರ್ ಕುಟ್ಟುವ ಎಂಜಿನಿಯರುಗಳು ಕಾಲುದಾರಿಯ ಮುಳ್ಳುಗಿಡ ಕೀಳುತ್ತಿರುವಾಗ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಬಂದು, “ನಿಮ್ಮನ್ನು ಯಾರು ಕೆಲಸಕ್ಕೆ ಇಟ್ಟುಕೊಂಡಿದ್ದು?” ಎಂದು ಕೇಳಿಬಿಟ್ಟಳು. ಅಷ್ಟೇ! ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆಲ್ಲೂ ದುಡಿಯುವ ಹಾಗಿಲ್ಲದವರು ಇವರೆಲ್ಲ. ಒಬ್ಬರ ಕೈಯಿಂದ ಗುದ್ದಲಿ ಬಿತ್ತು. ಧಾರವಾಡದವರು, “ನಾ ಏನೂ ಕಿತ್ತಿಲ್ರೀ, ಬರೇ ನೋಡ್ಲಿಕ್ಕತ್ತಿದ್ದೆ,” ಎಂದು ಕನ್ನಡದಲ್ಲೇ ಆಕೆಗೆ ಸಮಜಾಯಿಷಿ ಕೊಟ್ಟರು. ನಮ್ಮವರು ಕಿತ್ತ ಗಿಡವನ್ನು ಮತ್ತೆ ನೆಡಲು ನೋಡಿದ್ದನ್ನು ನಾನೇ ಕಂಡಿದ್ದೇನೆ.

ದೊಡ್ಡಮಾವ ಮ್ಯಾನೇಜರಮ್ಮನ ಕೈಗೆ ಒಂದು ಲೋಟ ಚಹಾ ಕೊಟ್ಟರು. ಗಟ್ಟಿ ಹಾಲಿನ ಡಬ್ಬ ಸುರಿದು, ಮಾರೆತ್ತರದಿಂದ ಹುಯ್ದು ನೊರೆ ಬರಿಸುವ ಮಲೇಷ್ಯಾ ಚಹಾ. ಅದರ ಅರ್ಧ ಭಾಗ ನಮ್ಮ ಕಾರ್ಪೆಟ್ಟು ಕುಡಿದಿತ್ತು. ಉಳಿದರ್ಧ ಕುಡಿದ ಆಕೆ ತಾನೇ ಗುದ್ದಲಿ ಎತ್ತಿಕೊಂಡಳು.

ಕೌನ್ಸಿಲ್ ಸಭೆಯ ದಿನ ದೊಡ್ಡಮಾವ ಚಹಾದ ಫ್ಲಾಸ್ಕುಗಳನ್ನು ಹೊತ್ತೇ ಬಂದರು. ಒಳಗೆ ತಿಂಡಿ ತೀರ್ಥ ನಿಷಿದ್ಧ ಎಂದಾಗ ಪಾರ್ಕಿಂಗ್ ಲಾಟಿನಲ್ಲೇ ಬಂದವರಿಗೆಲ್ಲ ಹಂಚಿದರು. ಎರಡನೇ ಲೋಟಕ್ಕೆ ಕೈ ಚಾಚಿದವನು ಕಟ್ಟಡ ಕಟ್ಟುವವರ ಕಡೆಯ ವಕೀಲ ಎಂದು ಒಳಗೆ ಹೋದ ಮೇಲೆಯೇ ತಿಳಿದದ್ದು.

“ಹೆಸರು ಕೊಟ್ಟಿದೀನಿ. ನಿಂದು,” ಎಂದರು ದೊಡ್ಡಮಾವ.

“ನಂದಾ? ನೀವು ಮಾತಾಡಿ ದೊಡ್ಡಮಾವ!”

“ನಾನು ನೆಂಟ. ನೆಂಟ ಮನೆ ವಿಷಯ ಮಾತಾಡ್ಬಾರ್ದು.”

“ನನಗೂ ವೀಸಾನೇ ಅಲ್ವಾ? ಇದು ನಮ್ಮ ಊರಲ್ಲವಲ್ಲ.”

ಅವರು ನನ್ನ ಕಾಲಿನ ಕಡೆ ನೋಡಿದರು. “ನಿನ್ ಚಪ್ಪಲಿ ಎಲ್ ಸವೀತಾ ಅದೆ ಅಮ್ಮಣ್ಣಿ? ಇಲ್ಲೇ ತಾನೇ? ಮತ್ತಿನ್ನೇನು.”

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು, ಕೇಳದೆ ಬಾಯಿ ತೆರೆಯಬಾರದೆಂದು. ಇಲ್ಲಿ ಕೇಳುತ್ತಿದ್ದಾರೆ! ಮೈಕಿನ ಮುಂದೆ ನಿಂತು “ಗುಡ್ ಈವ್ನಿಂಗ್” ಅನ್ನು ಪ್ರಾರ್ಥನೆಯ ರಾಗದಲ್ಲಿ ಎಳೆದೆ. ಕಾನೂನು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದನ್ನು ಹೇಳಿದೆ: ಸ್ಟ್ರೋಲರಿನ ಗಾಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ನೀಲಗಿರಿ ಮರದ ನೆರಳು ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ, ನಮ್ಮ ಎದುರು ಮನೆಯ ತೈವಾನಿನ ಅಜ್ಜಿ ಸೊಪ್ಪಿನ ಚೀಲ ಇಳಿಸಿ ಯಾವ ಕಲ್ಲಿನ ಮೇಲೆ ದಣಿವಾರಿಸಿಕೊಳ್ಳುತ್ತಾರೆ. ಕೌನ್ಸಿಲಿನ ಒಬ್ಬಾಕೆ ಕನ್ನಡಕ ಸರಿಮಾಡಿಕೊಂಡು, “ಆ ಅಜ್ಜಿಗೆ ಹೊಸ ನಕ್ಷೆಯಲ್ಲಿ ಕೂರಲು ಜಾಗ ಎಲ್ಲಿದೆ?” ಎಂದು ವಕೀಲನನ್ನು ಕೇಳಿದರು. ಅವನು ನಕ್ಷೆಯನ್ನು ತಲೆಕೆಳಗು ಮಾಡಿಯೂ ಹುಡುಕಿದ. ಕಾಲುದಾರಿ ಬಿಟ್ಟು, ಒಂದು ಬೆಂಚು ಹಾಕಿ ಕಟ್ಟಬೇಕೆಂದು ತೀರ್ಮಾನವಾಯಿತು.

ಕಾರಿನಲ್ಲಿ ನಾನು ಸಂಭ್ರಮದಿಂದ, “ನಿಮ್ಮ ಊರಲ್ಲೂ ಹೀಗೇ ಗೆದ್ದಿರಾ ದೊಡ್ಡಮಾವ?” ಎಂದೆ.

“ಇಲ್ಲ ಕಣವ್ವ. ಆ ಕಾಂಡೋ ಆದ್ಮೇಲೆ ಮಕ್ಳು ಆಡೋ ಮೈದಾನಾನೂ ಹೋಯ್ತು. ಒಂದ್ಸಲಾನೂ ಗೆದ್ದಿಲ್ಲ.” ಖಾಲಿ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತ, “ಇವತ್ತೇ ಮೊದಲು,” ಎಂದರು.

ಆಮೇಲೆ ಡಾಟ್‌ಕಾಮ್ ಗುಳ್ಳೆ ಒಡೆದು ಆ ಕಂಪನಿ ಇಟ್ಟಿಗೆ ಇಡುವ ಮೊದಲೇ ಮುಳುಗಿತು. “ನಿನ್ನ ದಾರಿ ಉಳಿಸಿದ್ದು ಷೇರು ಮಾರ್ಕೆಟ್ಟು ಕಣೇ,” ಎಂದು ನಮ್ಮವರು ರೇಗಿಸುತ್ತಿದ್ದರು. ಆದರೆ ಅನಂತರ ಬಂದವರೂ ಅದೇ ಷರತ್ತಿಗೆ ಒಪ್ಪಿ ಕಟ್ಟಬೇಕಾಯಿತು. ದಾರಿ ಇದೆ, ಬೆಂಚೂ ಇದೆ.

ದೊಡ್ಡಮಾವ ಹೊರಟ ಸಂಜೆ ನೋಡಿದರೆ ಅವರ ರಬ್ಬರ್ ಚಪ್ಪಲಿ ನಮ್ಮ ಶೂ ಸ್ಟ್ಯಾಂಡಿನಲ್ಲೇ ಉಳಿದಿತ್ತು. ಅವರು ಊರು ತಲುಪಿದ ಮೇಲೆ ಫೋನು ಮಾಡಿ, ಕಳಿಸುತ್ತೇನೆ ಎಂದೆ. “ಬ್ಯಾಡ ಬಿಡು ಲಾ,” ಎಂದರು. “ಅದು ಸವೆದಿದ್ದು ಅಲ್ಲೇ.”

ಈಗ ಅವರಿಲ್ಲ. ಆಮೇಲೆ ನಾವು ಮನೆ ಬದಲಿಸಿದೆವು, ಶೂ ಸ್ಟ್ಯಾಂಡೂ ಹೊಸದು. ಚಪ್ಪಲಿ ಮಾತ್ರ ಕೆಳಗಿನ ಹಲಗೆಯಲ್ಲಿದೆ. ಮೋರಿಯ ಕಡೆ ಬಾಗಿ ನಡೆದು ನಡೆದು ಒಂದೇ ಮಗ್ಗುಲು ಸವೆದದ್ದು. ಬಂದವರು ಯಾರದೆಂದು ಕೇಳುತ್ತಾರೆ.

“ಇದೇ ಊರಿನವರೊಬ್ಬರದ್ದು,” ಎನ್ನುತ್ತೇನೆ.