ಮೊದಲು ಪೂಜೆ, ಆಮೇಲೆ ಸ್ವಿಚ್ಚು

ಒಬ್ಬ ಮನುಷ್ಯನಿಗೆ ಏನೋ ತಿಳಿದಿದೆ ಎಂದು ಊರಿಗೆ ಒಮ್ಮೆ ಗುಮಾನಿ ಬಂದರೆ ಸಾಕು, ಆಮೇಲೆ ಅವನಿಗೆ ತಿಳಿಯದ್ದನ್ನೂ ಊರೇ ಅವನ ಬಾಯಿಂದ ಹೇಳಿಸುತ್ತದೆ. ಗೋಕಾಕದಲ್ಲಿ ನನ್ನದೊಂದು ಟೈಪಿಂಗ್ ಕ್ಲಾಸು. ತೊಂಬತ್ತರ ದಶಕದ ನಡುವೆ ಅದರೊಳಗೊಂದು ಕಂಪ್ಯೂಟರ್ ಬಂದು ಕೂತದ್ದೇ ತಡ, ಮೂಡಲಗಿಯಿಂದ ಹುಕ್ಕೇರಿಯವರೆಗೆ ಮನೆಗೆ ಹೊಸ ಯಂತ್ರ ತಂದವರೆಲ್ಲ ನನ್ನ ಹತ್ತಿರ ಬರತೊಡಗಿದರು. ಕಂಪ್ಯೂಟರ್ ಅಷ್ಟೇ ಅಲ್ಲ, ಟಿ.ವಿ.ಯಲ್ಲಿ ಚಿತ್ರ ಯಾಕೆ ನಡುಗುತ್ತದೆ, ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಖರೇನ ಆರುತ್ತದೆಯೋ ಇಲ್ಲವೋ, ಎಲ್ಲ ಪ್ರಶ್ನೆಯೂ ನನ್ನ ಪಾಲಿಗೆ. ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಕುರ್ಚಿಯಲ್ಲಿ ಕೂತರೆ, ಶಿವನ ದಯದಿಂದ ನಾನು ಯಾರನ್ನೂ ‘ಗೊತ್ತಿಲ್ಲ’ ಎಂದು ಹೇಳಿ ಕಳಿಸಿದವನಲ್ಲ.

ಇಂಥ ನನ್ನ ಒಂದು ಸಲಹೆಯ ಮೇಲೆ ಹುಕ್ಕೇರಿಯ ಒಬ್ಬ ಹುಡುಗಿಯ ಲಗ್ನವೇ ಬಂದು ನಿಂತಿತ್ತು. ಅಲ್ಲಿಗೆ ಹೋಗುವ ಮೊದಲು ಆ ಸಲಹೆ ಹುಟ್ಟಿದ ಕಥೆ ಹೇಳಬೇಕು.

೧. ಎರಡು ಮಾರು ಹಾರ

ಕಂಪ್ಯೂಟರ್ ಬಂದ ದಿನ ನಾನು ಅದನ್ನು ಬರಿದೇ ಚಾಲೂ ಮಾಡಲಿಲ್ಲ. ಮೇಜು ಒರೆಸಿ, ಯಂತ್ರಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದು ಮಾರು ಸಾಲದೆಂದು ಎರಡು ಮಾರು ಚೆಂಡುಹೂವಿನ ಹಾರ ಹಾಕಿದೆ. ಟೈಪಿಂಗ್ ಕಲಿಯಲು ಬಂದವರೆಲ್ಲ ಕೈಮುಗಿದು ನಿಂತರು. ಸ್ವಿಚ್ ಒತ್ತಿದೆ. ಯಂತ್ರ ಮೌನವ್ರತ ಹಿಡಿದಿತ್ತು.

ನನ್ನ ಭಕ್ತಿಯಲ್ಲೇ ಏನೋ ಕೊರತೆ ಇರಬೇಕೆಂದು ಎರಡು ದಿನ, ದಿನಕ್ಕೆರಡು ಸಲ ಮಂಗಳಾರತಿ ಮಾಡಿದೆ. ಮೂರನೆಯ ದಿನ ಬೆಳಗಾವಿಯಿಂದ ಮೆಕ್ಯಾನಿಕ್ ಬಂದ. ಕೆಳಗೆ ಬಗ್ಗಿ, ಹಾರ ಎತ್ತಿ ನೋಡಿದ. ಹಾರದ ಭಾರಕ್ಕೆ ಹಿಂದಿನ ಪ್ಲಗ್ಗು ಜಗ್ಗಿ ಹೊರಗೆ ಬಂದಿತ್ತು.

ಅವನು ಪ್ಲಗ್ಗು ಒತ್ತಿ, ಬಹಳ ವಿನಯದಿಂದ ಅಂದ: “ದೇವರು ಎಲ್ಲಾ ಕಡೆ ಅದಾನ್ರಿ ಸರ್. ಖರೆ ಕರೆಂಟು ಈ ಒಂದ ವಾಯರಿನ್ಯಾಗಷ್ಟ ಬರ್ತೈತಿ.”

ಆದರೂ ನಾನು ಸೋಲಲಿಲ್ಲ. ರಾತ್ರಿಯೆಲ್ಲ ಧ್ಯಾನ ಮಾಡುವ ಅಗತ್ಯವೂ ಬೀಳಲಿಲ್ಲ; ಅಲ್ಲೇ ಹೊಳೆಯಿತು. ಅವನಿಗೆ ಪ್ಲಗ್ಗು ಕಂಡದ್ದು ಬಗ್ಗಿದ್ದರಿಂದ. ನಾನು ಎರಡು ದಿನ ನಿಂತೇ ಕೈಮುಗಿದಿದ್ದೆ, ಬಗ್ಗಿ ನಮಸ್ಕಾರ ಮಾಡಿರಲಿಲ್ಲ! ಅಂದಿನಿಂದ ನನ್ನ ಹತ್ತಿರ ಬಂದವರಿಗೆಲ್ಲ ಒಂದೇ ಮಂತ್ರ: “ಹೊಸಾ ಮಷಿನ್ ತಂದಿರೇನು? ಮೊದಲ ಕುಂಕುಮ ಹಚ್ಚಿ, ಬಗ್ಗಿ ನಮಸ್ಕಾರ ಮಾಡ್ರಿ. ಆಮ್ಯಾಲ ಸ್ವಿಚ್ಚು.” ಇದರಿಂದ ಅರ್ಧಕ್ಕರ್ಧ ಯಂತ್ರಗಳು ರಿಪೇರಿಯಾದವು. ಉಳಿದ ಅರ್ಧದವರಿಗೆ ಪುಣ್ಯವಂತೂ ಬಂತು.

೨. ಐದು ನಿಮಿಷ ಮುಂಚೆ

ಮೂಡಲಗಿಯ ಒಬ್ಬ ಹೆಡ್‌ಮಾಸ್ತರರು ಮನೆಗೆ ಕಂಪ್ಯೂಟರ್ ತಂದರು. ಆಗ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಬರೆದದ್ದೆಲ್ಲ ಅಳಿಸಿ ಹೋಗುತ್ತಿದೆ ಎಂದು ಅವರು ಬಂದು ಅತ್ತುಕೊಂಡರು.

ನಾನು ಧೈರ್ಯವಾಗಿ ಹೇಳಿದೆ: “ಸೋಪಿ ಐತ್ರಿ, ಏನೂ ಕಷ್ಟಿಲ್ಲ. ಕರೆಂಟ್ ಹೋಗೋಕಿಂತ ಐದ ನಿಮಿಷ ಮೊದಲ ಬಂದ್ ಮಾಡ್ರಿ.”

ಕರೆಂಟು ಹೋಗುವುದು ಐದು ನಿಮಿಷ ಮೊದಲು ಹೇಗೆ ತಿಳಿಯಬೇಕು ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಮಾಸ್ತರರು ಶಿಸ್ತಿನ ಮನುಷ್ಯ, ಕೇಳಲಿಲ್ಲ. ಸೀದಾ ಹೋಗಿ ಲೈನ್‌ಮನ್ ಒಬ್ಬನನ್ನು ಹಿಡಿದರು. ಅವನು ಅವರ ಹಳೆಯ ವಿದ್ಯಾರ್ಥಿ. ಕರೆಂಟು ತೆಗೆಯುವ ಮೊದಲು ಮಾಸ್ತರರ ಮನೆಗೆ ಫೋನ್ ಮಾಡುವುದು, ಎರಡು ಸಲ ಬಾರಿಸಿ ಇಟ್ಟುಬಿಡುವುದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು.

ಗುಟ್ಟು ಎಂಟು ದಿನವೂ ಉಳಿಯಲಿಲ್ಲ. ಮಾಸ್ತರರ ಫೋನು ಬಾರಿಸಿತೆಂದರೆ ಓಣಿಯ ಹೆಂಗಸರು ಮಿಕ್ಸರಿನಲ್ಲಿದ್ದ ಚಟ್ನಿ ತೆಗೆಯುವರು, ನೀರಿನ ಮೋಟಾರು ನಿಲ್ಲುವುದು, ಗಿರಣಿಯವನು ಪಟ್ಟಾ ಬಿಚ್ಚಿ ಹಿಟ್ಟು ಜಾಡಿಸಿಕೊಂಡು ಚಹಾಕ್ಕೆ ಹೊರಡುವನು.

ಒಂದು ದಿನ ತುಕ್ಕಾನಟ್ಟಿಯಿಂದ ಅವರ ಬೀಗರು ಸುಮ್ಮನೆ ಕ್ಷೇಮ ಕೇಳಲು ಫೋನ್ ಮಾಡಿದರು. “ಏನ್ರಿ ಮಾಸ್ತರ, ಎಲ್ಲಾ ಆರಾಮೇನು?”

ಮಾಸ್ತರರು ಕಿಟಕಿಯಿಂದ ಹೊರಗೆ ನೋಡಿ ಅಂದರಂತೆ: “ನಾವು ಆರಾಮ್ರಿ. ನೀವು ಫೋನ್ ಮಾಡಿದ ಕೂಡ್ಲೇ ಓಣಿ ಬಂದ್ ಆತು.”

೩. ಇಲಿಗೂ ಒಂದು ಕುಂಚಿಗೆ

ಇನ್ನು ಹುಕ್ಕೇರಿ. ಅಲ್ಲಿ ಜವಳಿ ಅಂಗಡಿಯ ಒಬ್ಬ ಜೈನ ವ್ಯಾಪಾರಿ, ಎಲ್ಲರೂ ಕಾಕಾ ಎನ್ನುತ್ತಿದ್ದರು. ಬಿ.ಕಾಂ. ಮುಗಿಸಿದ ಮಗಳಿಗಾಗಿ ಕಂಪ್ಯೂಟರ್ ತಂದರು. ದೂಳು ಕೂಡದಂತೆ ಮುಚ್ಚಿಡಿರಿ ಎಂದು ಹೇಳಿ ನಾನು ಬಸ್ಸು ಹತ್ತಿ ಬಂದೆ. ಜವಳಿಯವರಿಗೆ ಹೇಳುವ ಮಾತು ಅದಲ್ಲ ಎಂಬುದು ನನಗೆ ಮುಂದಿನ ವಾರ ಗೊತ್ತಾಯಿತು. ಪರದೆಯ ಪೆಟ್ಟಿಗೆಗೆ ಜರಿಯಂಚಿನ ಮಖಮಲ್ಲು, ಕೀಬೋರ್ಡಿಗೆ ಇಳಕಲ್ ದಡಿಯ ಗವಸು. ಮೌಸು ಇಲಿಯ ಹಾಗೆ ಇದೆಯಲ್ಲ, ಅದಕ್ಕೆ ಕೂಸಿಗೆ ಕಟ್ಟುವಂಥ ಸಣ್ಣ ಕುಂಚಿಗೆ, ಗಲ್ಲದ ಕೆಳಗೆ ದಾರದ ಗಂಟು!

“ಕಾಕಾ, ಇದಕ್ಕ ಉಸಿರಾಡಾಕ ಜಾಗಾನ ಇಲ್ಲಲ್ರಿ,” ಎಂದೆ.

“ಚಳಿಗಾಲ ಮುಗೀಲಿ, ತಗೀತೀನ್ರಿ,” ಎಂದರು ಕಾಕಾ.

ಅವರ ತಾಯಿಯನ್ನು ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದರು. ಎಂಬತ್ತರ ಹತ್ತಿರದ ಜೀವ, ನನ್ನ ಮಂತ್ರವನ್ನು ನನಗಿಂತ ನಿಷ್ಠೆಯಿಂದ ಪಾಲಿಸಿದವರು. ಮನೆಗೆ ಏನೇ ಹೊಸದು ಬರಲಿ, ಇಸ್ತ್ರಿ ಪೆಟ್ಟಿಗೆಯಾಗಲಿ, ಗೋಡೆ ಗಡಿಯಾರವಾಗಲಿ, ಆಯಿಯ ಕುಂಕುಮ ಬೀಳದೆ ಅದು ಚಾಲೂ ಆಗುವಂತಿರಲಿಲ್ಲ. ಒಂದು ದಿನ ಆಯಿ ನನ್ನನ್ನು ಕೇಳಿದರು:

“ಈ ಮಷಿನ್ನಿಗೆ ಎಲ್ಲಾ ಗೊತ್ತೈತಿ ಅಂತೀರಿ. ನಮ್ಮ ಮೊಮ್ಮಗಳಿಗೆ ಗಂಡು ಎಲ್ಲಿ ಅದಾನ ಕೇಳ್ರಿ ನೋಡೋಣು.”

“ಅಷ್ಟ ಅದಕ್ಕ ಗೊತ್ತಿಲ್ರಿ ಆಯಿ.”

“ನಿಮಗ?”

ನಾನು ಯಾರಿಗೂ ‘ಗೊತ್ತಿಲ್ಲ’ ಎಂದವನಲ್ಲ ಎಂದು ಮೊದಲೇ ಹೇಳಿದ್ದೇನೆ. ಪರದೆಯ ಕಡೆ ಕೈ ತೋರಿಸಿ, “ಶಿವಾ ಮನಸ ಮಾಡಿದರ ಇದರಾಗಿಂದ ಬರ್ತಾನ್ರಿ,” ಎಂದೆ. ಆಯಿ ಅಂದಿನಿಂದ ದಿನಾ ಪರದೆಯ ಮಖಮಲ್ಲು ಸರಿಸಿ ನೋಡತೊಡಗಿದರಂತೆ.

೪. ಕ್ಯಾಮೆರಾದ ಹಣೆ

ಕೆಲವು ವರ್ಷ ಕಳೆದು, ಫೋನಿನ ತಂತಿಯಲ್ಲೇ ಇಂಟರ್ನೆಟ್ಟು ಜೋರಾಗಿ ಓಡಲು ಶುರುವಾದ ಹೊಸತು. ಆಯಿಯ ಮೊಮ್ಮಗಳಿಗೆ ಕೊಲ್ಲಾಪುರ ಕಡೆಯ ಒಂದು ಜೈನ ಮನೆತನದಿಂದ ಮಾತು ಬಂತು. ಹುಡುಗ ಆಫ್ರಿಕಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ಹನ್ನೊಂದು ಹುಡುಗಿಯರ ಫೋಟೊ ಕಳಿಸಿದ್ದಾಗಿತ್ತು, ಹನ್ನೊಂದಕ್ಕೂ ಒಲ್ಲೆ ಅಂದಿದ್ದ. “ಈ ಸಲ ಕಂಪ್ಯೂಟರಿನೊಳಗ ತೋರಿಸೋಣು, ಇದೂ ಆಗದಿದ್ದರ ಅವಗ ಮತ್ತೆರಡು ವರ್ಷ ಲಗ್ನಕ್ಕ ರಜಾ ಇಲ್ಲ,” ಎಂದು ಹುಡುಗನ ತಾಯಿ-ತಂದೆ ಹುಕ್ಕೇರಿಗೆ ಬಂದು ಕೂತರು. ಕಾಕಾ ಕೊಲ್ಲಾಪುರದಿಂದ ಹೊಸ ಕ್ಯಾಮೆರಾ ತರಿಸಿ, ನನಗೆ ಫೋನ್ ಮಾಡಿದರು. “ಮಗಳ ನಸೀಬು ನಿಮ್ಮ ಕೈಯಾಗೈತ್ರಿ.”

“ನಿಶ್ಚಿಂತಿ ಇರ್ರಿ,” ಎಂದೆ.

ಹುಡುಗನ ಪಾಳಿ ಅಲ್ಲಿ ಎರಡಕ್ಕೆ ಮುಗಿದರೆ ನಮ್ಮಲ್ಲಿ ನಾಲ್ಕೂವರೆ. ಎರಡೂ ಮನೆಯ ಹಿರಿಯರು ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಹೀಗಾಗಿ ಇರುವುದೇ ಒಂದೂವರೆ ತಾಸು. ನಾನು ಪರದೆಗೆ ಮೂಗು ಹಚ್ಚಿ ಕೂತು ಗುಂಡಿಗಳನ್ನು ಒತ್ತುತ್ತಲೇ ಇದ್ದೆ. ಪರದೆ ಕರ್ರಗೇ ಇತ್ತು. ಐದಾಯಿತು.

“ಇನ್ನೂ ಹತ್ತಿಲ್ಲ. ಅಲ್ಲೀತನಾ ಆರಾಮ ಮಾತಾಡ್ರಿ, ಹುಡುಗಗ ಏನೂ ಕೇಳಸೂದಿಲ್ಲ,” ಎಂದು ಎಲ್ಲರಿಗೂ ಧೈರ್ಯ ಕೊಟ್ಟೆ.

ಹುಡುಗನ ತಾಯಿ ಅವಲಕ್ಕಿ ಬಟ್ಟಲು ಕೆಳಗಿಟ್ಟು ಅಂದರು: “ನಮ್ಮ ಮಗಗ ಯಾರೂ ಲಗೂ ಮನಸಿಗೆ ಬರೂದಿಲ್ರಿ. ಮೊದಲ ಹೇಳತೇನಿ, ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ.”

ಒಳಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: “ನನಗೂ ಮನಸಿಗೆ ಬರಬೇಕಲ್ರಿ ಮಾವಶಿ? ಹನ್ನೊಂದು ಮಂದೀನ ಒಲ್ಲೆ ಅಂದಾವ ಅದೆಷ್ಟ ಚಂದ ಅದಾನ, ನಾನೂ ಒಮ್ಮೆ ನೋಡಬೇಕು!”

ಕಾಕಾನ ಮುಖ ಗಂಜಿ ಇಳಿದ ಧೋತರದಂತಾಯಿತು. ಹುಡುಗನ ತಾಯಿ ಕೈಚೀಲ ಹತ್ತಿರ ಎಳೆದುಕೊಂಡು, “ಏಳ್ರಿ, ಬಸ್ಸಿನ ಹೊತ್ತಾತು,” ಎಂದು ಗಂಡನಿಗೆ ಹೇಳಿದರು. ಶಿವನೇ, ಇನ್ನೇನು ಮಾತು ಮುರಿಯಿತು ಎಂದು ನಾನು ಕಣ್ಣುಮುಚ್ಚಿದೆ.

ಆಗ ಎದ್ದವರು ಆಯಿ. “ಅಲ್ರಿ, ಈ ಹೊಸಾದಕ್ಕ ಕುಂಕುಮ ಹಚ್ಚೀರೇನು?”

ಗಡಿಬಿಡಿಯಲ್ಲಿ ನನ್ನ ಮಂತ್ರವನ್ನು ನಾನೇ ಮರೆತಿದ್ದೆ.

“ಹಂಗಾದರ ಹೆಂಗ ಹತ್ತೀತು? ನೀವ ಹೇಳಿದ್ದಲ್ಲ? ಸರೀರಿ ಅತ್ತಾಗ!” ಎಂದು ನನ್ನನ್ನು ತಳ್ಳಿ, ಆಯಿ ಕುಂಕುಮದ ಭರಣಿ ತಂದರು. ಕ್ಯಾಮೆರಾದ ಹಣೆ ಯಾವುದು ಎಂದು ಹುಡುಕಿದರು. ಅದಕ್ಕೆ ಇದ್ದದ್ದೇ ಒಂದು ದುಂಡು ಕಣ್ಣು. ಒಂದು ಕೈಯನ್ನು ಯಂತ್ರದ ಹಿಂದೆ ಊರಿ, ಬಗ್ಗಿ, ಆ ಕಣ್ಣಿನ ಮೇಲೇ ಹೆಬ್ಬೆರಳಿನಷ್ಟು ದಪ್ಪನೆಯ ಕುಂಕುಮ ಒತ್ತಿದರು.

ಅದೇ ಗಳಿಗೆಗೆ ಪರದೆ ಬೆಳಗಿತು. ನೋಡುತ್ತೇವೆ, ಆಫ್ರಿಕಾದಲ್ಲಿ ಹುಡುಗ ಕಣ್ಣುಮುಚ್ಚಿ, ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ ಹಣೆ ಮುಂದೆ ಮಾಡಿದ್ದಾನೆ!

ನಮ್ಮ ಕಡೆ ಹೆಣ್ಣಿನ ಮನೆಯ ಹಿರಿಯರು ಹುಡುಗನ ಹಣೆಗೆ ಕುಂಕುಮ ಹಚ್ಚಿ, ಅವನು ಸಕ್ಕರೆ ತಿಂದರೆ ಲಗ್ನ ಗಟ್ಟಿಯಾದಂತೆ. ಹುಡುಗನ ತಾಯಿ ಚೀರಿದರು: “ಅಯ್ಯ! ನಾ ಇನ್ನೂ ಹೂಂ ಅಂದಿಲ್ಲ, ನನ್ನ ಮಗಗ ಕುಂಕುಮ ಹಚ್ಚಿಬಿಟ್ರಿ!”

ಅಷ್ಟರಲ್ಲಿ ಹುಡುಗ ತಲೆ ಎತ್ತಿದ. ಪಕ್ಕದ ಮೇಜಿನ ಮೇಲೆ ಕಾರ್ಖಾನೆಯ ಸಕ್ಕರೆಯ ಸ್ಯಾಂಪಲ್ ಡಬ್ಬಿ ಇತ್ತು. ಅದಕ್ಕೆ ಕೈ ಹಾಕಿ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡ.

“ಮುಗೀತಲ್ಲ,” ಎಂದರು ಹುಡುಗನ ತಂದೆ. ಅವರು ಅಂದು ಆಡಿದ ಮೊದಲ ಮಾತು ಅದು.

ಹುಡುಗನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. “ಅಲ್ಲಿಂದನ ದನಿ ಬರಾಕತ್ತಿಲ್ಲ,” ಎಂದು ನಾನು ಖಚಿತವಾಗಿ ಹೇಳಿದೆ. ಹುಡುಗಿ ಹೊರಗೆ ಬಂದು, ಸೆರಗಿನ ತುದಿಯಿಂದ ಕ್ಯಾಮೆರಾ ಒರೆಸಿ, ಮೇಜಿನ ಕೆಳಗೆ ಬಗ್ಗಿದಳು. ಸ್ಪೀಕರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಸಿಕ್ಕಿಸಿ, ನೆಟ್ಟಗೆ ಪರದೆಯ ಮುಂದೆ ಕೂತಳು.

“ಹನ್ನೊಂದು ಫೋಟೊ ನೋಡಿ ಒಲ್ಲೆ ಅಂದವರು, ನನ್ನ ಮುಖಾನೂ ನೋಡದ ಸಕ್ಕರಿ ತಿಂದ್ರಲ್ಲ?”

“ಮುಖ ಎಲ್ಲಿ ಕಾಣಬೇಕ್ರಿ? ಅರ್ಧಾ ತಾಸಿನಿಂದ ನನ್ನ ಮುಂದ ಬರೇ ಒಂದು ವಿಭೂತಿ ಹಚ್ಚಿದ ಹಣಿ ಇತ್ತು,” ಎಂದ ಹುಡುಗ. “ಖರೆ ನಿಮ್ಮ ಮಾತು ಕೇಳಿಸ್ತು. ಎಲ್ಲಾರ ಮಾತೂ ಕೇಳಿಸ್ತು.”

ಅರ್ಧ ತಾಸಿನಲ್ಲಿ ತಾವು ತಾವು ಏನೇನು ಆಡಿದ್ದೆವು ಎಂದು ಎಲ್ಲರೂ ಮನಸ್ಸಿನಲ್ಲೇ ನೆನಪು ಮಾಡಿಕೊಂಡರು. ಯಾರೂ ನನ್ನ ಮುಖ ನೋಡಲಿಲ್ಲ.

“ನನ್ನ ಕೇಳೂದಿಲ್ಲೇನೋ?” ಎಂದರು ಹುಡುಗನ ತಾಯಿ.

“ಅವ್ವಾ, ನೀ ಹನ್ನೊಂದು ಫೋಟೊ ಕಳಿಸಿದಿ. ಅದರಾಗ ಒಂದರೆ ಮಾತಾಡಿತೇನು?”

ತಾಯಿ ನಗು ತಡೆಯಲಾರದೆ ಕೈಚೀಲ ಕೆಳಗಿಟ್ಟರು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. “ಹುಡುಗೀನ ಯಾರೂ ಕೇಳಲಿಲ್ಲಲ್ರಿ,” ಎಂದೆ. ಅಂದು ನಾನು ಕೊಟ್ಟ ಒಂದೇ ಸರಿಯಾದ ಸಲಹೆ ಅದು.

ಹುಡುಗಿ ಪರದೆಯನ್ನು ಅವಸರವಿಲ್ಲದೆ ನೋಡಿದಳು. ಜವಳಿಯವರ ಮಗಳು, ಅರಿವೆಯ ಪೋತ, ನೇಯ್ಗೆ ನೋಡುವಂತೆ ನೋಡಿದಳು. “ಅಡ್ಡಿ ಇಲ್ಲರಿ,” ಎಂದು ತಟ್ಟೆಯಲ್ಲಿದ್ದ ಸಕ್ಕರೆ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

“ತಾಟ ಹಾಕ್ರಿ, ಹೊತ್ತು ಮುಳುಗಾಕ ಬಂತು!” ಎಂದು ಕಾಕಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಓಡಿದರು. ಎಲ್ಲರೂ ಅವರ ಹಿಂದೆ ಎದ್ದರು. ನಾನು ಕುತೂಹಲ ತಡೆಯದೆ ಯಂತ್ರದ ಹಿಂದೆ ಬಗ್ಗಿ ನೋಡಿದೆ. ಆಯಿ ಕೈ ಊರಿದ್ದ ಕಡೆ ತಂತಿಗಳೆಲ್ಲ ಈಗ ಗಟ್ಟಿಯಾಗಿ ಕೂತಿದ್ದವು.

ಆಯಿ ಭರಣಿಯ ಮುಚ್ಚಳ ಹಾಕುತ್ತ ನನ್ನ ಕಡೆ ತಿರುಗಿದರು. “ನೋಡಿದ್ರಿಲ್ಲೋ? ಅರ್ಧಾ ತಾಸು ನೀವು ಗುಂಡಿ ಒತ್ತಿದ್ರಿ. ನಾ ಒಮ್ಮೆ ಒತ್ತಿದೆ, ಹತ್ತಿತು.”

ಕಾರಣ ಅದಲ್ಲ ಎಂದು ಹೇಳಲು ಬಾಯಿ ತೆರೆದೆ. ಬೇರೆ ಕಾರಣ ಏನು ಎಂದು ಆಯಿ ಕೇಳಿದರೆ, ಜೀವನದಲ್ಲಿ ಮೊದಲ ಸಲ ‘ಗೊತ್ತಿಲ್ಲ’ ಅನ್ನಬೇಕಾಗುತ್ತಿತ್ತು. ಬಾಯಿ ಮುಚ್ಚಿ, ಬಗ್ಗಿ ಆಯಿಯ ಕಾಲಿಗೆ ನಮಸ್ಕಾರ ಮಾಡಿದೆ. ಆಯಿ ನನ್ನ ಹಣೆಗೂ ಒಂದು ಕುಂಕುಮ ಒತ್ತಿ ಅಂದರು: “ಈಗರ ಚಾಲೂ ಆಗ್ರಿ.”