ಬೋಣಿಗೆಗೆ ಮುಂಚೆ ಏನಾರ ಕೇಳ್ರಿ

ಮೀಸೆ ತೀಡಿಕೊಳ್ಳಲು ಅಂಗಡಿಯ ಒಳಕೋಣೆಗೆ ಹೋದದ್ದೇ ಸಾತಲಿಂಗಪ್ಪನ ತಪ್ಪಾಯಿತು. ಅದು ತಪ್ಪೆಂದು ಅವನಿಗೆ ತಿಳಿಯುವಷ್ಟರಲ್ಲಿ ಅವನು ಪೈಲವಾನನಾಗಿಬಿಟ್ಟಿದ್ದ.

ಸೊಲ್ಲಾಪುರದ ಪೇಟೆಯಲ್ಲಿ ಅವನದು ಚಾದರದ ಅಂಗಡಿ. ಗಾದಿಯ ಮೇಲೆ ಕೂತು ಕೂತು ಕೂದಲು ಬೆಳ್ಳಗಾಗಿದ್ದವು. ಇಷ್ಟು ವರ್ಷಗಳಲ್ಲಿ ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ರೇಟ್ ಎಷ್ಟ್ರಿ?" ಅದಕ್ಕಿಂತ ಹೆಚ್ಚು ಆಸಕ್ತಿ ಇದ್ದವರು "ಕಡಿಮಿ ಮಾಡ್ರಿ" ಎನ್ನುತ್ತಿದ್ದರು, ಅದು ಪ್ರಶ್ನೆಯೂ ಅಲ್ಲ. ಅವನ ಮನಸ್ಸಿನಲ್ಲಿ ಏನಿದೆಯೆಂದು ಹೆಂಡತಿ ಶಾರದಾಬಾಯಿಯೂ ಕೇಳಿದವಳಲ್ಲ.

ಹೀಗಿರುವಾಗ ಸೊಸೆ ಮನೀಷಾ ಮೊಬೈಲಿನಲ್ಲಿ 'ಏನಾರ ಕೇಳ್ರಿ' ಎಂಬ ಕಾರ್ಯಕ್ರಮ ಶುರುಮಾಡಿದಳು. ವಾರಕ್ಕೊಬ್ಬ ವಿಶೇಷ ಮನುಷ್ಯ ಲೈವಿನಲ್ಲಿ ಕೂರಬೇಕು, ನೋಡುವವರು ಬೇಕಾದ್ದನ್ನು ಬರೆದು ಕೇಳಬಹುದು. ಪಕ್ಕದ ಮನೆಯವನಿಗೆ ಜ್ವರ ಬಂದರೂ ವಿಚಾರಿಸದ ಜನ ಇಲ್ಲಿ ಮಾತ್ರ ಎಸ್‌ಟಿ ಬಸ್ಸಿನ ಡ್ರೈವರನಿಗೆ "ಗಾಡಿ ಹೊಡಿಯೂ ಮುಂದ ನಿದ್ದಿ ಬಂದ್ರ ಏನ್ ಮಾಡ್ತೀರಿ?" ಎಂದೂ, ಜೇನು ಬಿಡಿಸುವವನಿಗೆ "ಮೊದಲ ಎಲ್ಲಿ ಕಡೀತು?" ಎಂದೂ ಕೇಳಿ ಕೇಳಿ ದಣಿದರು. ಎದುರಿಗೆ ಕೇಳಿದರೆ ಒದೆ ಬೀಳುವ ಪ್ರಶ್ನೆಗೆ ಇಲ್ಲಿ ಲೈಕು ಬೀಳುತ್ತಿದ್ದವು.

ಸಾತಲಿಂಗಪ್ಪನ ಹೊಟ್ಟೆ ಉರಿದದ್ದು ಹೋದ ವಾರ. ಪಕ್ಕದ ಪಾತ್ರೆ ಅಂಗಡಿಯ ಖಂಡಪ್ಪ ಲೈವಿಗೆ ಕೂತು, ವಾಗದರಿಯ ಹೊಲದಲ್ಲಿ ಚಿರತೆಯನ್ನು ಬರೀ ತಾಟು ಬಡಿದು ಓಡಿಸಿದ ಕತೆ ಹೇಳಿದ್ದ. ಮರುದಿನದಿಂದ ಜನ ಅವನ ಜೊತೆ ಫೋಟೋ ತೆಗೆಸಿಕೊಂಡು, ಹೋಗುವಾಗ ಅದೇ ನಮೂನೆಯ ತಾಟು ಒಯ್ಯತೊಡಗಿದರು.

"ಮನೀಷಾ, ಈ ವಾರ ನಾ ಕೂಡ್ತೀನಿ," ಎಂದ ಸಾತಲಿಂಗಪ್ಪ.

ಅವಳು ಮಂಗಳವೇಢೆ ಕಡೆಯ ಒಕ್ಕಲು ಮನೆತನದ ಹುಡುಗಿ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. "ನಿಮ್ಮ ವಿಶೇಷ ಏನಂತ ಹಾಕ್ಲಿರಿ ಮಾಮಾರ?" ಎಂದು ಕೇಳಿದಳು.

"ಜನಾನ ಕೇಳಿ ಹುಡಕ್ಲಿ. ಅದಕ್ಕ ಅಲ್ಲೇನು 'ಏನಾರ ಕೇಳ್ರಿ' ಅನ್ನೂದು?"

ಹಾಗೆ ರವಿವಾರ ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಅವನು ಒಳಗೆ ಮೀಸೆ ತೀಡಿಕೊಂಡು, ಜರಿ ರುಮಾಲು ಸುತ್ತಿಕೊಂಡು ಬಂದ. ಮನೀಷಾ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸುತ್ತ, "ಮಾಮಾರ, ಈಗ ಭಂಡಾರಕವಠೆಯವರೊಬ್ಬರು ಬಂದಿದ್ರು..." ಎಂದಳು.

"ಅಂಗಡಿ ಮಾತು ಆಮ್ಯಾಲ!" ಎಂದು ಅವನು ಕೈ ಅಡ್ಡ ಮಾಡಿದ. "ಲೈವ್ ಮುಗಿಯೂ ತನಕಾ ನನ್ನ ಮುಂದ ಅಂಗಡಿದು ಒಂದು ಅಕ್ಷರಾ ಎತ್ತಬ್ಯಾಡ."

ಸೊಸೆ ಲೈವಿನ ಬಟನ್ ಒತ್ತಿದಳು.

ಮೊದಲನೆಯ ಪ್ರಶ್ನೆ ಬಂತು. ಮನೀಷಾ ಓದಿದಳು: "ಡಬಲ್ ಚಾದರದ ರೇಟ್ ಎಷ್ಟ್ರಿ?"

ಸಾತಲಿಂಗಪ್ಪನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಅಕ್ಕಲಕೋಟೆಯಿಂದ ಯಾರೋ ಬರೆದರು: "ಮಾಮಾರ ಮುದುಡಿದ ಕಿವಿ ನೋಡಿದ್ರ ಪೈಲವಾನರ ಕಿವಿ ಕಂಡಂಗ ಕಾಣ್ತದ. ಹರೇದಾಗ ಕುಸ್ತಿ ಆಡೀರೇನ್ರಿ?"

ಕಿವಿ ಮುದುಡಿದ್ದು ನಿಜ. ಅದು ಗಣಿತದ ಮಾಸ್ತರರ ಕೈಗುಣ. ಕುಸ್ತಿ ತಾಲೀಮಿನ ಮಣ್ಣು ಅವನ ಕಾಲಿಗೆ ಎಂದೂ ಅಂಟಿದ್ದಲ್ಲ. 'ಇಲ್ಲ' ಎನ್ನಲು ಬಾಯಿ ತೆರೆದವನು ಹಾಗೇ ತಡೆದುಕೊಂಡ. ಬಾಗಿಲು ತೆರೆದ ಮೇಲೆ ಅವನ ಕೈಗೆ ಇನ್ನೂ ಒಂದು ಪೈಸೆ ಬಂದಿರಲಿಲ್ಲ.

ದಿನದ ಮೊದಲ ಗಿರಾಕಿಯ ಬೋಣಿಗೆ ಆಗುವವರೆಗೆ ಗಾದಿಯ ಮೇಲೆ ಕೂತವನ ಬಾಯಲ್ಲಿ 'ಇಲ್ಲ', 'ಬೇಡ', 'ಆಗದು' ಬರಬಾರದು, ಬಂದರೆ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗುತ್ತಾಳೆ ಎಂದು ಅವನಪ್ಪ ಕಲಿಸಿದ್ದ. ಕೆಂಪು ಚಾದರ ಇಲ್ಲದಿದ್ದರೆ "ನಾಳಿ ಬರ್ತದ್ರಿ" ಎನ್ನಬೇಕು. ಮನೆಯವರ ದುಡ್ಡು ಬೋಣಿಗೆಗೆ ನಡೆಯುವುದಿಲ್ಲ. ಈ ನೇಮವನ್ನು ಸಾತಲಿಂಗಪ್ಪ ಒಂದು ದಿನವೂ ಮುರಿದವನಲ್ಲ.

"ಹಾಂ..." ಎಂದ ಅವನು. "ಆಡಿದಂಗ... ಅದ."

ಪರದೆಯ ಮೇಲೆ ಹೃದಯಗಳು ಮೇಲಕ್ಕೆದ್ದವು. "ಏಕ್ ನಂಬರ್ ಮಾಮಾ!" ಎಂದು ಹುಡುಗರು ಕೂಗಿ ಬರೆದರು. "ಬಹುಮಾನದ ಬೆಳ್ಳಿ ಗದಾ ಗೆದ್ದೀರೇನ್ರಿ?" "ಹಾಂ." "ಹಸಿ ತತ್ತಿ ಕುಡೀತಿದ್ರೇನ್ರಿ?" ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ಲಿಂಗವಂತ ಸಾವಕಾರ ಕಣ್ಣು ಮುಚ್ಚಿ "ಹಾಂ" ಎಂದ. ನಿಜ ಹೇಳಬೇಕೆಂದರೆ ಮೂರನೆಯ 'ಹಾಂ' ಹೊತ್ತಿಗೆ ಅವನಿಗೆ ರುಚಿ ಹತ್ತಿತ್ತು. ಎದೆ ತಾನಾಗಿಯೇ ಉಬ್ಬಿತ್ತು. ಗಾದಿಯ ಮೇಲೆ ಕೂತೇ ಅವನು ಧೋಬಿಪಛಾಡ ಪಟ್ಟು ಹಾಕಿ ತೋರಿಸಿದ, ಎರಡು ಚಾದರಗಳು ನೆಲಕ್ಕೆ ಬಿದ್ದವು.

ಅಕ್ಕಲಕೋಟೆಯ ಬಸ್ಸಿನಲ್ಲಿದ್ದ ಹೆಂಡತಿ ಶಾರದಾಬಾಯಿಯೂ ಪ್ರಶ್ನೆ ಕಳಿಸಿದಳು: "ಲಗ್ನದ ಮುಂಚೆ ಇದನ್ನ ಯಾಕ ಮುಚ್ಚಿಟ್ರಿ?" ಅವಳು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವನು "ಮುಂದಿಂದು ಓದು" ಎಂದ.

ಆಗ ಖಂಡಪ್ಪನ ಪ್ರಶ್ನೆ ಬಂತು. ಪಕ್ಕದ ಅಂಗಡಿಯಲ್ಲೇ ಕೂತು ಬರೆದಿದ್ದ. ಅವನೂ ವ್ಯಾಪಾರಿ, ನೇಮ ಬಲ್ಲವ. "ಪೈಲವಾನ್ರ, ನಮ್ಮ ಅಕ್ಕನ ಮಗ ಧರ್ಮರಾಜ ವಾಗದರಿಯಿಂದ ಬಂದಾನ. ಇವತ್ತ ಸಂಜಿಕ್ಕ ಪೇಟಿಯೊಳಗ ಅವನ ಜೋಡಿ ಒಂದು ಕುಸ್ತಿ ಆಡ್ತೀರೇನು?"

ಧರ್ಮರಾಜನನ್ನು ಸಾತಲಿಂಗಪ್ಪ ನೋಡಿದ್ದ. ಆ ಹುಡುಗ ಅಂಗಡಿಯ ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಚ್ಚಬೇಕಾಗುತ್ತಿತ್ತು.

ಅವನ ಕಣ್ಣು ರಸ್ತೆಗೆ ಓಡಿತು. ಒಬ್ಬನೇ ಒಬ್ಬ ಗಿರಾಕಿ ಒಂದು ಕರವಸ್ತ್ರ ಒಯ್ದಿದ್ದರೂ ಪ್ರಾಣ ಉಳಿಯುತ್ತಿತ್ತು. ಆದರೆ ರಸ್ತೆ ಬಣಬಣ. ಪೇಟೆಗೆ ಬರಬೇಕಾದವರೆಲ್ಲ ಮನೆಯಲ್ಲಿ ಕೂತು ಇವನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಹಿಂದಿನ ಓಣಿಯ ಇಂದುಬಾಯಿ ಏದುಸಿರು ಬಿಡುತ್ತ ಒಳಗೆ ಬಂದಳು. ಸಾತಲಿಂಗಪ್ಪ ಗಾದಿಯಿಂದ ಜಿಗಿದು ಅವಳ ಕೈಗೆ ಒಂದು ಟಾವೆಲ್ ತುರುಕಿದ. "ತಗೋರಿ ಬಾಯಿ, ತಿಳದಷ್ಟು ಕೊಡ್ರಿ!"

"ಅಯ್ಯ, ನನಗ್ಯಾಕ ಟಾವೆಲ್? ಮನಿಯಾಗ ನೆಟ್ ಬರವಲ್ದು, ಅದಕ್ಕ ಇಲ್ಲೇ ನೋಡಾಕ ಬಂದೀನಿ," ಎಂದು ಅವಳು ಅದನ್ನೇ ಹಾಸಿಕೊಂಡು ಕೂತಳು. "ಹೂಂ, ಹೇಳ್ರಿ. ಕುಸ್ತಿ ಆಡ್ತೀರಿಲ್ಲೋ?"

ಸಾತಲಿಂಗಪ್ಪನಿಗೆ ಅಪ್ಪ ಕಲಿಸಿದ ಕೊನೆಯ ದಾರಿ ನೆನಪಾಯಿತು. ಕೆಂಪು ಚಾದರಕ್ಕೆ ಹೇಳುವುದನ್ನೇ ಹೇಳಿದ. "ನಾಳಿ... ನಾಳಿ ನೋಡೂನ್ರಿ."

"ನಾಳಿ ಪಕ್ಕಾ!" ಎಂದು ಗೋಡೆಯಾಚೆಯಿಂದ ಖಂಡಪ್ಪನ ದನಿ ಮೊಬೈಲಿನ ಬರಹಕ್ಕಿಂತ ಮೊದಲು ಕೇಳಿಸಿತು.

ಲೈವ್ ಮುಗಿಯಿತು. ಇಂದುಬಾಯಿ ಸುದ್ದಿ ಹಂಚಲು ಓಡಿದಳು. ಸಾತಲಿಂಗಪ್ಪ ತಲೆಯ ಮೇಲೆ ಕೈಹೊತ್ತು ಗೊಣಗಿದ. "ಹಾಳಾದ ಬೋಣಿಗಿ ಒಂದು ಆಗಿದ್ರ..."

"ಬೋಣಿಗಿ ಆಗ್ಯದಲ್ರಿ ಮಾಮಾರ," ಎಂದಳು ಮನೀಷಾ. "ನೀವು ಒಳಗ ಮೀಸಿ ತೀಡಾಕ ಹೋಗಿದ್ರಿ ನೋಡ್ರಿ, ಅವಾಗ ಭಂಡಾರಕವಠೆಯವರು ಒಂದು ಚಾದರ ಒಯ್ದ್ರು. ಹೇಳಾಕ ಬಂದ್ರ ಅಂಗಡಿ ಮಾತು ಬ್ಯಾಡ ಅಂದ್ರಿ."

ಸಾತಲಿಂಗಪ್ಪ ಸೊಸೆಯ ಕಡೆ ತಿರುಗಿದ. "ಮತ್ತ ನಾ ಎಲ್ಲಾದಕ್ಕೂ ಹಾಂ ಅಂದಾಗ ನಿನಗ ಏನೂ ಅನಸ್ಲಿಲ್ಲೇನು?"

"ಎಲ್ಲಾ ಖರೇ ಅಂತ ತಿಳಕೊಂಡೆರಿ," ಎಂದಳು ಸೊಸೆ ಅಭಿಮಾನದಿಂದ. "ಲೈವ್ ಮುಗೀತಿದ್ದಂಗ ನಮ್ಮ ಅಪ್ಪಗೂ ಫೋನ್ ಮಾಡಿ ಹೇಳೀನಿ. ನಾಳಿ ಊರಿಂದ ಜೀಪ್ ಮಾಡ್ಕೊಂಡು ಬರಾಕತ್ಯಾರ."

ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಖಂಡಪ್ಪ ಹಾರ ಹಿಡಿದು ಎಲ್ಲರ ಮುಂದೆ ನಿಂತಿದ್ದ. ಬೋಣಿಗೆಯ ಬಲ ಸಿಕ್ಕ ಸಾತಲಿಂಗಪ್ಪ ಬೆಳಗಿನಿಂದ ನುಂಗಿದ್ದ 'ಇಲ್ಲ'ಗಳನ್ನೆಲ್ಲ ಒಟ್ಟಿಗೆ ಹೊರಹಾಕಲು ಹೊಸ್ತಿಲಿಗೆ ಬಂದ. ಆದರೆ ಈಗ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಜೈಕಾರ ಹಾಕುತ್ತಿದ್ದರು, ಹಾರ ಹಾಕುತ್ತಿದ್ದರು, ಅವನ ಕಿವಿ ಮುಟ್ಟಿ ನೋಡುತ್ತಿದ್ದರು.

ಕಡೆಗೆ ಒಬ್ಬ ಪ್ರಶ್ನೆ ಕೇಳಿದ. ಕೊರಳ ಹಾರ ಮೂಗಿನವರೆಗೆ ಬಂದಿದ್ದರಿಂದ ಯಾರೆಂದು ಕಾಣಲಿಲ್ಲ.

"ಪೈಲವಾನ್ರ, ನಾಳಿಗೆ ಲಂಗೋಟಿ ಅದ ಏನ್ರಿ?"

"ಇಲ್ಲ!" ಎಂದು ಸಾತಲಿಂಗಪ್ಪ ಪೇಟೆಗೆಲ್ಲ ಕೇಳುವಂತೆ ಕಿರುಚಿದ. "ಇಲ್ಲ! ಇಲ್ಲ! ಇಲ್ಲ!"

"ಅದಕ್ಕ ಅಷ್ಟ್ಯಾಕ ಒದರ್ತೀರಿ?" ಎಂದ ಖಂಡಪ್ಪ. "ನಮ್ಮ ಧರ್ಮರಾಜಂದು ಒಂದು ಹೆಚ್ಚಿಂದು ಅದ. ಕಳಸ್ತೀನಿ ತಗೋರಿ."